ಫುಲ್ಮತಿ ಇದ್ದ ಗಣರಾಜ್ಯ

ವಾನ್

ಕೆನಡಾಕ್ಕೆ ಹೋಗಿಬಂದವರು ಜಲಪಾತದ ಎದುರು ರೇನ್‌ಕೋಟು ತೊಟ್ಟು ನಿಂತ ಫೋಟೋ ತೋರಿಸುವುದು ವಾಡಿಕೆ. ನನ್ನ ಬಳಿ ಅಂಥ ಫೋಟೋ ಇಲ್ಲ. ಅಲ್ಲಿಗೆ ಹೋಗಬೇಕೆಂದು ಗೊತ್ತುಮಾಡಿದ್ದ ಎರಡು ಶನಿವಾರಗಳೂ ಇನ್ನೊಂದು ದೇಶದ ಕೆಲಸದಲ್ಲಿ ಕಳೆದವು. ಆ ದೇಶಕ್ಕೆ ವೀಸಾ ಬೇಡ, ವಿಮಾನವೂ ಬೇಡ. ಪ್ರಪಂಚದ ಯಾವ ಭೂಪಟದಲ್ಲೂ ಅದು ಇಲ್ಲ. ಹಾಗಿದ್ದೂ ನಾನು ಕೆನಡಾದಲ್ಲಿ ಕಂಡದ್ದರಲ್ಲಿ ಚೆನ್ನಾಗಿ ನೆನಪಿರುವುದು ಅದೊಂದೇ.

ವಾನ್ ಎಂಬುದು ಟೊರಾಂಟೊ ನಗರದ ಉತ್ತರಕ್ಕೆ ಅಂಟಿಕೊಂಡಿರುವ ಊರು. ಒಂದು ಮಗ್ಗುಲಲ್ಲಿ ಕಾರ್ಖಾನೆ, ಗೋದಾಮುಗಳು. ಇನ್ನೊಂದು ಮಗ್ಗುಲಲ್ಲಿ ನಿನ್ನೆ ಮೊನ್ನೆ ಕಟ್ಟಿದ ಬಡಾವಣೆಗಳು. ನನ್ನ ತಮ್ಮ ದಯಾನಂದ ಅಲ್ಲಿ ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಾನೆ. ನಾವು ಕಾರ್ಕಳದ ಕಡೆಯವರು, ಮನೆಯಲ್ಲಿ ತುಳು ಆಡುವವರು. ನಮ್ಮಿಬ್ಬರ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದ ನನಗೆ ತಮ್ಮನ ಮನೆಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಗಂಡ ಹೆಂಡತಿ ಕೆಲಸಕ್ಕೆ, ಮಗಳು ಅನನ್ಯ ಕಾಲೇಜಿಗೆ ಹೋದರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಹೀಟರಿನ ಗುಂಯ್ ಎನ್ನುವ ಸದ್ದು. ಹಾಗಾಗಿ ನಡೆಯಲು ಹೋಗುತ್ತಿದ್ದೆ.

ಅಲ್ಲಿಯ ಬೀದಿಗಳಲ್ಲಿ ನಡೆಯುವವರಿಲ್ಲ. ಪ್ರತಿ ಮನೆಯ ಮುಂದೆ ಕಾರು, ಕತ್ತರಿಸಿದ ಹುಲ್ಲು, ಒಂದು ಮೇಪಲ್ ಮರ, ಮುಚ್ಚಿದ ಬಾಗಿಲು. ಒಬ್ಬನೇ ಕಂಟ್ರಾಕ್ಟರು ಕಟ್ಟಿಸಿದ್ದರಿಂದ ಇಟ್ಟಿಗೆಯ ಬಣ್ಣವೂ ಒಂದೇ. ನಮ್ಮಲ್ಲಾದರೆ ದಾರಿ ತಪ್ಪಿದವರು ಯಾರದೋ ಅಂಗಳದಲ್ಲಿ ನಿಂತು ಇಂಥವರ ಮನೆ ಯಾವುದು ಎಂದರೆ ಸಾಕು, ಮನೆಯ ಜೊತೆಗೆ ಅವರ ಮೂರು ತಲೆಮಾರಿನ ವಿಷಯವೂ ಸಿಗುತ್ತದೆ. ಅಲ್ಲಿ ಕೇಳೋಣವೆಂದರೆ ಒಂದು ನರಪಿಳ್ಳೆಯೂ ಹೊರಗಿರುವುದಿಲ್ಲ. ಅಕ್ಟೋಬರಿನ ಆ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೊರಟವಳು ವಾಪಸು ಬರುವಾಗ ಒಂದು ತಿರುವು ಮೊದಲೇ ತಿರುಗಿದೆ. ನನ್ನ ಕೋಣೆ ಬೇಸ್‌ಮೆಂಟಿನಲ್ಲಿದ್ದುದರಿಂದ, ತಮ್ಮ ಹೇಳಿಕೊಟ್ಟಂತೆ ಮನೆಯ ಪಕ್ಕದ ಬಾಗಿಲು ತಳ್ಳಿ, ಚಪ್ಪಲಿ ಬಿಟ್ಟು, ಮೆಟ್ಟಿಲಿಳಿದೆ.

ನನ್ನ ಮಂಚ ಇರಬೇಕಾದಲ್ಲಿ ಉದ್ದನೆಯ ಮೇಜು ಇತ್ತು. ಗೋಡೆ ತುಂಬ ಕೈಯಲ್ಲಿ ಬರೆದ ದೊಡ್ಡ ಭೂಪಟ. ಮೇಜಿನ ತುದಿಯಲ್ಲಿ ಉಣ್ಣೆಯ ಟೊಪ್ಪಿ ಹಾಕಿ, ಮೊಣಕಾಲಿನ ಮೇಲೆ ಕಂಬಳಿ ಹಾಸಿಕೊಂಡ ಮುದುಕರೊಬ್ಬರು ಕುಳಿತಿದ್ದರು. ಮುಖ ನೋಡಿದರೆ ನಮ್ಮವರೇ. ಕಿರುಚಲೋ ಓಡಲೋ ಎಂದು ನಾನು ಯೋಚಿಸುವಷ್ಟರಲ್ಲಿ ಅವರು ಇಂಗ್ಲಿಷಿನಲ್ಲಿ ಶಾಂತವಾಗಿ ಕೇಳಿದರು:

"ಯಾವ ದೇಶದಿಂದ ಬಂದಿರಿ?"

"ಇಂಡಿಯಾ" ಎಂದೆ.

"ಹಾಗಾದರೆ ಆ ಕುರ್ಚಿ. ರಾಯಭಾರಿಗಳು ಕೂರುವುದು ಅಲ್ಲಿ."

ಹೇಳಿದಲ್ಲಿ ಕೂತೇಬಿಟ್ಟೆ. ಆಗ ಹಿಂದಿನಿಂದ ಮೆಟ್ಟಿಲಿಳಿದು ಬಂದದ್ದು ಬೇರೆ ಯಾರೂ ಅಲ್ಲ, ನನ್ನ ತಮ್ಮ.

"ಅಕ್ಕಾ! ನೀನು ಇಲ್ಲಿ ಎಂತ ಮಾಡ್ತಿದ್ದಿ ಮಾರಾಯ್ತಿ?"

"ನಾನು ನನ್ನ ಕೋಣೆಗೆ ಬಂದದ್ದು. ನೀನು ಎಂತ ಮಾಡ್ತಿದ್ದಿ? ಓವರ್‌ಟೈಮು ಉಂಟು, ಜಲಪಾತಕ್ಕೆ ಇನ್ನೊಂದು ದಿನ ಹೋಗುವ ಅಂತ ಹೇಳಿ ಹೋದವ?"

ಅವನು ತಲೆ ಕೆರೆದುಕೊಂಡ. "ಇದೂ ಓವರ್‌ಟೈಮೇ ಅಂತ ಇಟ್ಕೋ. ನಾನು ಇಲ್ಲಿ ಬಂದರು ಮಂತ್ರಿ."

ಬೇಸ್‌ಮೆಂಟು

ಆ ಹಿರಿಯರ ಹೆಸರು ಡಿಯೊನರೈನ್. ನಮ್ಮ ದೇವನಾರಾಯಣ ಕಡಲು ದಾಟಿ, ಇಂಗ್ಲಿಷ್ ಗುಮಾಸ್ತರ ಕೈಗೆ ಸಿಕ್ಕಿ ಹಾಗಾಗಿದ್ದಾನೆ. ಎಲ್ಲರೂ ಅವರನ್ನು ಡಿಯೊ ಅನ್ನುತ್ತಿದ್ದರು. ಹುಟ್ಟಿದ್ದು ಗಯಾನಾದಲ್ಲಿ. ಅವರ ಮುತ್ತಜ್ಜನನ್ನು ಕಬ್ಬಿನ ತೋಟದ ಕೂಲಿಗೆಂದು ಬಿಹಾರದ ಕಡೆಯಿಂದ ಹಡಗಿನಲ್ಲಿ ಒಯ್ದಿದ್ದರಂತೆ. ದಯಾನಂದನ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು ಅವರು. ನನ್ನ ತಮ್ಮ ಹೊಸದಾಗಿ ಕೆನಡಾಕ್ಕೆ ಹೋದಾಗ ಬಾಡಿಗೆಗಿದ್ದದ್ದು ಅವರ ಮನೆಯ ಇದೇ ಬೇಸ್‌ಮೆಂಟಿನಲ್ಲಿ. ಅಡುಗೆ ಬಾರದ ಇವನಿಗೆ ಮೇಲಿನಿಂದ ರೊಟ್ಟಿ, ಪಲ್ಯ ಬರುತ್ತಿತ್ತು. ಜೊತೆಗೆ ಮಂತ್ರಿ ಪದವಿಯೂ ಬಂತು.

ಗೋಡೆಯ ಮೇಲಿದ್ದದ್ದು ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿ. ನಡೆದ ಚರಿತ್ರೆಯಲ್ಲಿ ಅಲ್ಲಿ ಮೂರು ವಸಾಹತುಗಳಿದ್ದವು: ಒಂದು ಬ್ರಿಟಿಷರದು, ಒಂದು ಡಚ್ಚರದು, ಒಂದು ಫ್ರೆಂಚರದು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಅಲ್ಲಿ ಮತ್ತೆ ಮತ್ತೆ ದಂಗೆಯೆದ್ದರು, ಮತ್ತೆ ಮತ್ತೆ ಸೋತರು. ಡಿಯೊ ಅವರ ಭೂಪಟದಲ್ಲಿ ಅವರು ಸೋತಿಲ್ಲ. ಆ ಕರಾವಳಿಯ ನೆಲ ಸಮುದ್ರಕ್ಕಿಂತ ತಗ್ಗು. ಕಬ್ಬಿನ ಗದ್ದೆಗೆ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ಒಡ್ಡಿಗೆ ಮರದ ತೂಬು ಇಟ್ಟಿರುತ್ತಾರೆ. ಇಳಿತದಲ್ಲಿ ತೆರೆಯಬೇಕು, ಉಬ್ಬರದಲ್ಲಿ ಮುಚ್ಚಬೇಕು. ನಮ್ಮ ಕಡೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ಕಂಡವರಿಗೆ ಇದು ಬೇಗ ತಿಳಿದೀತು. ಬೇಸ್‌ಮೆಂಟಿನ ದಂಗೆಕೋರರು ಕೋಟೆಯ ತಂಟೆಗೇ ಹೋಗದೆ ತೂಬುಗಳನ್ನು ಹಿಡಿದರು. ಒಡೆಯರು ಬಗ್ಗದಿದ್ದರೆ ಗದ್ದೆಗೆ ಸಮುದ್ರ ಬಿಡುತ್ತೇವೆ ಎಂದರು. ಸುದ್ದಿ ದೋಣಿಯಲ್ಲಿ ಪಕ್ಕದ ಎರಡು ವಸಾಹತುಗಳಿಗೂ ಹೋಯಿತು. ಯುರೋಪಿನ ದೊರೆಗಳು ಆಗ ತಮ್ಮತಮ್ಮಲ್ಲೇ ಕಾದಾಡುತ್ತಿದ್ದರು. ಮೂರೂ ಸೇರಿ 'ಮೂರು ನದಿಗಳ ಗಣರಾಜ್ಯ'ವಾಯಿತು.

ನಾನು ಮುಖ ಗಂಟಿಕ್ಕಿಕೊಂಡು ಕೇಳುತ್ತಿದ್ದೆ. 'ಹಾಗಾಗಿದ್ದರೆ' ಎಂದು ಶುರುಮಾಡಿದ ಉತ್ತರಕ್ಕೆ ಸೊನ್ನೆ ಕೊಟ್ಟವಳು ನಾನು. ಆದದ್ದನ್ನು ಬರೆಯಿರಿ, ಆಗಬೇಕಿತ್ತು ಅನ್ನುವುದನ್ನು ಮನೆಯಲ್ಲಿಟ್ಟು ಬನ್ನಿ ಎಂದು ಮಕ್ಕಳಿಗೆ ಹೇಳಿ ಹೇಳಿ ನಾಲಿಗೆ ಸವೆದಿದೆ. ಆದರೆ ಇವರ ಶಿಸ್ತು ನೋಡಿದರೆ ನಗಾಡುವ ಹಾಗೂ ಇರಲಿಲ್ಲ. ದಾಳವಿಲ್ಲ, ಗೆಲುವು ಸೋಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಸಭೆ. ಒಬ್ಬರು ಒಂದು ಸಂಗತಿ ಮಂಡಿಸಬೇಕು, ಉಳಿದವರು ಅಡ್ಡಪ್ರಶ್ನೆ ಹಾಕಬೇಕು. ಹಡಗಿಗೆ ಮರ ಎಲ್ಲಿಂದ ಬಂತು? ಬರದ ವರ್ಷ ಅಕ್ಕಿ ಕೊಟ್ಟವರು ಯಾರು? ಎಲ್ಲರೂ ಕೈಯೆತ್ತಿದರೆ ಅದು ನಡೆಯಿತು ಎಂದು ಅರ್ಥ. ಆಮೇಲೆ ಯಾರೂ ಅಳಿಸುವಂತಿಲ್ಲ. ಯಾರಾದರೂ ಸಾಯುವುದಿದ್ದರೆ ಮಾತ್ರ ಕೈಯೆತ್ತಿದರೆ ಸಾಲದು, ಮಂಡಿಸಿದವರ ಹೊರತು ಇಡೀ ಸಭೆ ಎದ್ದು ನಿಲ್ಲಬೇಕು. ಒಬ್ಬರು ಕೂತಿದ್ದರೂ ಸಾವಿಲ್ಲ. ಹೀಗೆ ದಂಗೆಯಿಂದ ಹಿಡಿದು ಈಗಿನ ಕಾಲದ ತನಕ ತಂದಿದ್ದರು. ಆಡಳಿತ ಭಾಷೆ ಯಾವುದೆಂಬ ಒಂದೇ ಜಗಳಕ್ಕೆ ಒಂದು ಇಡೀ ಚಳಿಗಾಲ ಹೋಯಿತಂತೆ. ಅದನ್ನು ಮಾತ್ರ ನಾನು ತಕ್ಷಣ ನಂಬಿದೆ.

ಸಭಾಧ್ಯಕ್ಷೆ ಮರ್ಲೀನ್, ನಿವೃತ್ತ ನರ್ಸು. ಅವರೂ ಗಯಾನಾದವರೇ, ಆಫ್ರಿಕಾ ಮೂಲದವರು. ಹಣಕಾಸು ಮಂತ್ರಿ ಗುರ್ಮೀತ್, ಲಾರಿ ಓಡಿಸುವ ಪಂಜಾಬಿ. "ಬಹನ್‌ಜೀ, ಚಾಯ್" ಎಂದು ನನ್ನ ಮುಂದೆ ಒಂದು ದೊಡ್ಡ ಮಗ್ ಇಟ್ಟು ತನ್ನ ಖಾತೆಗೆ ಹೋಗಿ ಕೂತ.

ಸಭೆ ಶುರುವಾಗುವುದು ಫುಲ್ಮತಿಯ ವರದಿಯಿಂದ. ಫುಲ್ಮತಿ ಆ ಗಣರಾಜ್ಯದ ನದಿ ಇಲಾಖೆಯಲ್ಲಿ ನೀರಿನ ಆಳ ಅಳೆಯುವ ಕೆಲಸದವಳು. ದೊಡ್ಡ ಅಧಿಕಾರಿಯಲ್ಲ. ಈ ವಾರ ಅವಳು ಯಾವ ನದಿಗೆ ಹೋದಳು, ಹಗ್ಗ ಎಷ್ಟು ಮುಳುಗಿತು, ಹೂಳು ಎಲ್ಲಿ ಕೂತಿದೆ, ಮಧ್ಯಾಹ್ನ ದಕ್ಕೆಯ ಮೇಲೆ ಕಾಲು ಇಳಿಬಿಟ್ಟು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಹೇಗೆ ತಿಂದಳು, ಎಲ್ಲವನ್ನೂ ಡಿಯೊ ನಿಧಾನವಾಗಿ ಹೇಳಿದರು. ಮಂತ್ರಿಗಳು ಉಸಿರು ಬಿಡದೆ ಕೇಳಿದರು. ನನಗೂ ಬಾಯಲ್ಲಿ ನೀರೂರಿತು.

"ರಾಯಭಾರಿಗಳಿಗೆ ಒಂದು ಪ್ರಶ್ನೆ ಕೇಳುವ ಹಕ್ಕಿದೆ" ಎಂದರು ಮರ್ಲೀನ್.

ಟೀಚರ ಬುದ್ಧಿ ಬಿಟ್ಟು ಎಲ್ಲಿಗೆ ಹೋಗುತ್ತದೆ? ಭೂಪಟದಲ್ಲಿ ಮೊದಲ ಸೇತುವೆಯ ಪಕ್ಕ, ಆಳ ಅಳೆದವಳು ಫುಲ್ಮತಿ ಎಂದು ಬರೆದದ್ದನ್ನು ನೋಡಿದ್ದೆ. ಆ ಸೇತುವೆ ಕಟ್ಟಿಸಿದ ಅಧ್ಯಕ್ಷ ಮುದುಕನಾಗಿ, ಸತ್ತು, ಅವನ ಮೊಮ್ಮಗಳು ಈಗ ಸಂಸತ್ತಿನಲ್ಲಿದ್ದಾಳೆ ಎಂದು ಅವರೇ ಹೇಳಿದ್ದರು.

"ಈ ಫುಲ್ಮತಿಯವರಿಗೆ ಈಗ ವಯಸ್ಸೆಷ್ಟು?" ಎಂದು ಕೇಳಿದೆ. "ಉಳಿದವರೆಲ್ಲ ಮುದುಕರಾಗಿ ಹೋದರಲ್ಲ. ಇವರಿಗೆ ನಿವೃತ್ತಿ ಇಲ್ಲವೇ?"

ಗುರ್ಮೀತ್ ತನ್ನ ಮಗ್ ಕೆಳಗಿಟ್ಟ. ದಯಾನಂದ ಮೇಜನ್ನೇ ನೋಡುತ್ತಿದ್ದ. ಡಿಯೊ ಕುರ್ಚಿಯಲ್ಲಿ ತಿರುಗಿ ಭೂಪಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಲವತ್ತು" ಎಂದರು. "ಅವಳಿಗೆ ಯಾವಾಗಲೂ ನಲವತ್ತು." ಮರ್ಲೀನ್ ಎದ್ದು ಅವರ ಭುಜ ಹಿಡಿದು, ಸಭೆ ಮುಗಿಯಿತು ಎಂದರು.

ಮನೆಗೆ ಬಂದಾಗ ಅನನ್ಯ ನನ್ನ ಮುಖ ನೋಡಿ, "ಅತ್ತೆ, ಯು ವೆಂಟ್ ಟು ದ ರಿಪಬ್ಲಿಕ್? ಇಟ್ಸ್ ನಾಟ್ ಎ ಗೇಮ್ ಫಾರ್ ದೆಮ್, ಓಕೆ?" ಎಂದು ಹೇಳಿ ತನ್ನ ಕೋಣೆಗೆ ಹೋದಳು.

ಕ್ಲೈನ್‌ಬರ್ಗ್

ಮರುದಿನ ದಯಾನಂದ ನನ್ನನ್ನು ಕ್ಲೈನ್‌ಬರ್ಗಿಗೆ ಕರೆದುಕೊಂಡು ಹೋದ. ಅದು ವಾನ್‌ನ ಒಳಗೇ ಉಳಿದುಕೊಂಡಿರುವ ಹಳೆಯ ಹಳ್ಳಿ. ಒಂದು ಸಣ್ಣ ಪೇಟೆಬೀದಿ, ಸುತ್ತ ದೊಡ್ಡ ದೊಡ್ಡ ಹೊಸ ಮನೆಗಳು, ಮರಗಳ ನಡುವೆ ಒಂದು ಚಿತ್ರಶಾಲೆ. ಚಿತ್ರಗಳಲ್ಲಿ ಹೆಚ್ಚಿನವು ಹಿಮ, ಕಲ್ಲು, ಪೈನ್ ಮರ. ಮನುಷ್ಯರೇ ಇಲ್ಲವಲ್ಲ ಎಂದು ಹುಡುಕುತ್ತ ಒಂದರ ಹತ್ತಿರಕ್ಕೆ ಬಗ್ಗಿದೆ. ಕಾವಲಿನವನು ಓಡಿಬಂದು "ಸಾರಿ" ಎಂದ. ನಾನೂ ಸಾರಿ ಎಂದೆ. ಅವನು ಇನ್ನೊಮ್ಮೆ ಸಾರಿ ಎಂದ. ತಪ್ಪು ನನ್ನದು, ಕ್ಷಮೆ ಕೇಳಿದ್ದು ಅವನು. ಆ ದೇಶದಲ್ಲಿ ಕಾಲು ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ಊರಿನ ಬಸ್ಸಿನಲ್ಲಿ ಕಾಲು ತುಳಿದವನೇ ನಮ್ಮನ್ನು ಬಯ್ಯುವುದು ನೆನಪಾಗಿ ನಗು ಬಂತು. ತಮ್ಮ ನಗಲಿಲ್ಲ.

ಹೊರಗೆ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವನು ಹೇಳಿದ: "ಅಕ್ಕ, ಫುಲ್ಮತಿ ಡಿಯೊ ಅವರ ತಂಗಿ. ನಿಜವಾದ ತಂಗಿ."

ಅವರ ವಸಾಹತಿಗೆ ಸ್ವಾತಂತ್ರ್ಯ ಬರುವ ಮೊದಲಿನ ಕಾಲವಂತೆ. ತಲೆಮಾರುಗಟ್ಟಲೆ ಒಂದೇ ಗದ್ದೆಯಲ್ಲಿ ಕಬ್ಬು ಕಡಿದಿದ್ದ ಆಫ್ರಿಕಾ ಮೂಲದವರೂ ಇಂಡಿಯಾ ಮೂಲದವರೂ ಒಬ್ಬರ ಮನೆಗೆ ಒಬ್ಬರು ಬೆಂಕಿ ಇಟ್ಟರು. ಮರ್ಲೀನ್ ಅವರ ತಂದೆಯ ಅಂಗಡಿ ಸುಟ್ಟುಹೋಯಿತು. ಡಿಯೊ ಅವರ ಮನೆಯೂ ಸುಟ್ಟಿತು. ಉಟ್ಟ ಬಟ್ಟೆಯಲ್ಲಿ ನದಿ ದಾಟುತ್ತಿದ್ದಾಗ ಜನ ಹೆಚ್ಚಾಗಿ ದೋಣಿ ಮಗುಚಿತು. ದಡ ಸೇರಿದವರಲ್ಲಿ ಆರು ವರ್ಷದ ಫುಲ್ಮತಿ ಇರಲಿಲ್ಲ. ದೇಹವೂ ಸಿಗಲಿಲ್ಲ. ಸಿಗದ ಮಗುವಿಗೆ ಕ್ರಿಯೆ ಯಾಕೆ ಮಾಡಬೇಕು, ಅವಳು ಯಾರದೋ ಮನೆಯಲ್ಲಿ ಬೆಳೆಯುತ್ತಿದ್ದಾಳೆ ಎಂದು ತಾಯಿ ಹಟ ಹಿಡಿದರು. ಆ ತಾಯಿ ಸಾಯುವ ತನಕವೂ ಯಾರೂ ಕ್ರಿಯೆಯ ಮಾತೆತ್ತಲಿಲ್ಲ. ಆಮೇಲೆ ಇವರು ಕೆನಡಾಕ್ಕೆ ಬಂದರು.

"ಆ ಗಲಾಟೆ ಆಗ್ಬಾರ್ದಿತ್ತು ಅಂತಾದ್ರೆ ಎಷ್ಟು ಹಿಂದೆ ಹೋಗಿ ಸರಿ ಮಾಡ್ಬೇಕು ಅಂತ ಲೆಕ್ಕ ಹಾಕಿದ್ರಂತೆ ಅವರು" ಎಂದ ದಯಾನಂದ. "ಹತ್ತು ವರ್ಷ ಹಿಂದೆ ಹೋದ್ರೆ ಸಾಕಾಗ್ಲಿಲ್ಲ. ಐವತ್ತು ವರ್ಷ ಸಾಕಾಗ್ಲಿಲ್ಲ. ಕಡೆಗೆ ದಂಗೆಯಷ್ಟು ಹಿಂದೆ ಹೋಗ್ಬೇಕಾಯ್ತು. ಆ ಇಡೀ ದೇಶ ಕಟ್ಟಿದ್ದು ಒಂದು ದೋಣಿ ಮಗುಚದ ಹಾಗೆ ಮಾಡ್ಲಿಕ್ಕೆ ಅಕ್ಕ."

ಚರಿತ್ರೆ ಅಷ್ಟು ಹಿಂದಿನಿಂದ ಬದಲಾದರೆ ಇವರ ಅಜ್ಜ ಅಜ್ಜಿ ಭೇಟಿಯೇ ಆಗುತ್ತಿರಲಿಲ್ಲ, ಫುಲ್ಮತಿ ಹುಟ್ಟುತ್ತಲೇ ಇರಲಿಲ್ಲ ಎಂಬ ತರ್ಕ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಎಲ್ರಿಗೂ ವಯಸ್ಸು ಹಾಕಿದ್ದೇವೆ. ಅವಳಿಗೆ ಮಾತ್ರ ಹಾಕ್ಲಿಲ್ಲ. ಮರ್ತದ್ದಲ್ಲ, ಎಲ್ರಿಗೂ ಗೊತ್ತುಂಟು. ಯಾರೂ ಬಾಯಿ ಬಿಟ್ಟು ಹೇಳಿರ್ಲಿಲ್ಲ ಅಷ್ಟೆ."

"ನಾನು ಹೇಳಿಬಿಟ್ಟೆ" ಎಂದೆ.

"ನಿಂಗೆ ಗೊತ್ತಿರ್ಲಿಲ್ಲ ಅಲ್ವಾ. ಆದ್ರೆ ಈಗ ನಂಗೆ ಹೆದರಿಕೆ. ಅವರಿಗೆ ಟ್ರೀಟ್‌ಮೆಂಟು ನಿಲ್ಲಿಸಿದ್ದಾರೆ. ಇನ್ನು ಏನೂ ಮಾಡ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿ ಆಯ್ತು. ಸರಿಯಾಗಿ ಊಟವೂ ಇಲ್ಲ. ಇನ್ನೊಂದು ಶನಿವಾರ ಬರ್ತದೆ ಅಂತ ಮಾತ್ರ ಉಳ್ದಿದ್ದಾರೆ."

ವಾರದ ಮಧ್ಯೆ ಫೋನು ಬಂತು. ಡಿಯೊ ಅವರನ್ನು ಮಗಳು ಶಾಂತಿ ಓಕ್‌ವಿಲ್‌ನ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಶನಿವಾರದ ಸಭೆ ಅಲ್ಲೇ. ರಾಯಭಾರಿಯ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಬೇಕಾಗಿದೆ, ಟೀಚರನ್ನು ತಪ್ಪದೆ ಕರೆತರಬೇಕು ಎಂದು ಡಿಯೊ ಹೇಳಿಕಳಿಸಿದ್ದರು. ಫೋನು ಕೆಳಗಿಟ್ಟ ತಮ್ಮನ ಮುಖ ಬಿಳಿಚಿಕೊಂಡಿತ್ತು. "ಫುಲ್ಮತಿಗೆ ವಯಸ್ಸು ಹಾಕ್ಲಿಕ್ಕೆ ಹೊರಟಿದ್ದಾರೆ. ಅವಳು ಹೋದ್ರೆ ಇವರು ಉಳಿಯುದಿಲ್ಲ ಅಕ್ಕ" ಎಂದ.

ಓಕ್‌ವಿಲ್

ಓಕ್‌ವಿಲ್ ಸರೋವರದ ದಂಡೆಯ ಸಿರಿವಂತರ ಊರು. ಸರೋವರ ಎಂದರೆ ನಂಬಿಕೆ ಬರುವುದಿಲ್ಲ, ಆಚೆಯ ದಡ ಕಾಣಿಸದು, ಅಲೆಯೂ ಇದೆ. ಮಲ್ಪೆಯ ಕಡಲನ್ನು ನೋಡಿ ಬೆಳೆದವಳಿಗೆ ಅದರಲ್ಲಿ ಏನೋ ಕಡಿಮೆ ಅನ್ನಿಸಿತು. ಉಪ್ಪಿನ ವಾಸನೆಯಿಲ್ಲ, ಮೀನಿನ ವಾಸನೆಯೂ ಇಲ್ಲ.

ಶಾಂತಿ ಬಾಗಿಲು ತೆರೆದಳು. ಒಳಗೆ ಕರೆದದ್ದರಲ್ಲಿ ಮರ್ಯಾದೆ ಇತ್ತು, ಸಂತೋಷ ಇರಲಿಲ್ಲ. "ನಾನು ಸಣ್ಣವಳಿದ್ದಾಗ ಒಂದು ಶನಿವಾರವೂ ಅಪ್ಪ ಮೇಲೆ ನಮ್ಮ ಜೊತೆ ಇರಲಿಲ್ಲ" ಎಂದು ನನ್ನ ಕೋಟು ತೆಗೆದುಕೊಳ್ಳುತ್ತ ಹೇಳಿದಳು. "ಆ ಅತ್ತೆಯ ಕತೆಯನ್ನು ಅವರು ನನಗೆ ಹೇಳಿದವರೇ ಅಲ್ಲ. ಕೆಳಗೆ ಹೋಗಿ ನಿಮಗೆಲ್ಲ ಹೇಳಿದರು." ಹಾಗೆಂದು ಅಡುಗೆಮನೆಗೆ ಹೋದವಳು ಅಲ್ಲೇ ಉಳಿದಳು.

ಬಿಸಿಲು ಬೀಳುವ ಗಾಜಿನ ಕೋಣೆಯಲ್ಲಿ ಡಿಯೊ ಗಾಲಿಕುರ್ಚಿಯಲ್ಲಿದ್ದರು. ಒಂದು ವಾರದಲ್ಲಿ ಇನ್ನೂ ಕುಗ್ಗಿದ್ದರು. ನನ್ನನ್ನು ನೋಡಿ, "ಟೀಚರ್, ನೀವು ಕೇಳಿದ್ದು ಸರಿಯಾದ ಪ್ರಶ್ನೆ" ಎಂದರು. ಮರ್ಲೀನ್ ಸಭೆ ಆರಂಭಿಸಿದರು. ಡಿಯೊ ಮಂಡಿಸಿದ್ದು ಇಷ್ಟು: ಫುಲ್ಮತಿಯ ತಡೆಹಿಡಿದ ವರ್ಷಗಳನ್ನೆಲ್ಲ ಅವಳಿಗೆ ಈ ಮಧ್ಯಾಹ್ನವೇ ಕೊಡಬೇಕು. ತಾನೊಬ್ಬನೇ ಕೊಟ್ಟರೆ ಸಾಲದು, ಎಲ್ಲರೂ ಕೊಡಬೇಕು.

ಮೊದಲು ಮರ್ಲೀನ್ ಅವಳಿಗೆ ಮದುವೆ ಮಾಡಿಸಿದರು. "ಗಂಡ ದೋಣಿ ಕಟ್ಟುವವನು. ನಮ್ಮವರ ಪೈಕಿಯವನು" ಎಂದು ತಮ್ಮ ಕಪ್ಪು ಮುಂಗೈಯನ್ನು ತಟ್ಟಿಕೊಂಡು ಡಿಯೊ ಅವರನ್ನು ನೋಡಿದರು. "ಅಲ್ಲಿ ಅದಕ್ಕೆ ಯಾರೂ ಬೆಂಕಿ ಹಚ್ಚುವುದಿಲ್ಲ." ಡಿಯೊ ಕೈಯೆತ್ತಿದರು. ಗುರ್ಮೀತ್ ಅವಳಿಗೆ ಪೆನ್ಶನ್ ಮಂಜೂರು ಮಾಡಿದ, ಕಣ್ಣಿನ ಪೊರೆಯ ಆಪರೇಶನ್ ಮಾಡಿಸಿದ, ಒಬ್ಬ ಮಗನನ್ನೂ ಮೊಮ್ಮಕ್ಕಳನ್ನೂ ಕೊಟ್ಟ. ದಯಾನಂದ ಹಳೆಯ ದೋಣಿಯ ಬದಲು ಎಂಜಿನ್ ಇರುವ ಲಾಂಚು ಕೊಟ್ಟ. ಅದರ ಎಂಜಿನ್ ಯಾವುದು, ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ಡಿಯೊ ಬಿಡದೆ ಕೇಳಿದರು. ತಮ್ಮ ಒಂದೊಂದಕ್ಕೂ ಲೆಕ್ಕ ಹೇಳಿದ.

"ರಾಯಭಾರಿ ಏನಾದರೂ ಕೊಡುತ್ತಾರೆಯೇ?" ಎಂದರು ಮರ್ಲೀನ್.

ಇಷ್ಟೊಂದು ಒಳ್ಳೆಯದೇ ತುಂಬಿಕೊಂಡ ಬದುಕು ನನಗೆ ಸುಳ್ಳೆನಿಸುತ್ತಿತ್ತು. "ನಾನು ಒಂದು ಜಗಳ ಕೊಡುತ್ತೇನೆ" ಎಂದೆ. "ನೆರೆಮನೆಯವಳ ಆಡು ಇವಳ ಮೆಣಸಿನ ಗಿಡ ತಿಂದಿತು. ವರ್ಷಗಟ್ಟಲೆ ಮಾತು ಬಿಟ್ಟರು. ಕಡೆಗೆ ಫುಲ್ಮತಿಯೇ ಮೊದಲು ಮಾತಾಡಿಸಿದಳು."

ಡಿಯೊ ನಕ್ಕರು. ನಾನು ಅವರನ್ನು ನಗುತ್ತ ನೋಡಿದ್ದು ಅದೊಂದೇ ಸಲ. "ಹೌದು, ಅವಳಿಗೆ ಸಿಟ್ಟು ಬಹಳ" ಎಂದರು. ನಗು ಹೋದ ಮೇಲೆ ಕಂಬಳಿ ಸರಿಮಾಡಿಕೊಂಡು ಮುಂದಿನದನ್ನು ಹೇಳಿದರು. ಈ ವಾರ ಫುಲ್ಮತಿ ಊಟ ಮಾಡಿ ತನ್ನ ಮನೆಯಲ್ಲೇ ಮಲಗಿದಳು. ಬೆಳಿಗ್ಗೆ ಏಳಲಿಲ್ಲ. ನೋವಿರಲಿಲ್ಲ.

ಮರ್ಲೀನ್ ಎದ್ದರು. ಗುರ್ಮೀತ್ ತನ್ನ ಪಗಡಿಯನ್ನೊಮ್ಮೆ ಮುಟ್ಟಿಕೊಂಡು ಎದ್ದ. ದಯಾನಂದ ಏಳಲಿಲ್ಲ.

"ನನ್ನ ಒಪ್ಪಿಗೆ ಇಲ್ಲ" ಎಂದ. ಮರ್ಲೀನ್ ಅವನ ಹೆಸರು ಹಿಡಿದು ಕರೆದರು. ಅವನು ಇಲ್ಲವೆಂದು ತಲೆಯಾಡಿಸಿದ. ನನ್ನ ಕಡೆ ತಿರುಗಿ, "ನೀನಾದ್ರೂ ಹೇಳು ಅಕ್ಕ. ಇವಳೂ ಇಲ್ಲ ಅಂತಾದ್ರೆ ಮುಂದಿನ ಶನಿವಾರಕ್ಕೆ ಇವರಿಗೆ ಎಂತ ಉಂಟು? ನಾನು ಕೂತೇ ಇರ್ತೇನೆ. ಎಷ್ಟು ಹೊತ್ತಾದ್ರೂ ಕೂತಿರ್ತೇನೆ" ಎಂದ.

"ನಂಗೆ ಯಾಕೆ ಹೇಳ್ತಿ? ಅವರಿಗೇ ಕೇಳು" ಎಂದೆ.

ಅವನು ಇಂಗ್ಲಿಷಿನಲ್ಲಿ ಕೇಳಿದ. ಡಿಯೊ ಅವನ ಕಡೆ ತಿರುಗಿದರು.

"ನನ್ನ ಅಮ್ಮ ಅವಳಿಗೆ ಕ್ರಿಯೆ ಮಾಡಬಿಡಲಿಲ್ಲ. ನಾನೂ ಮಾಡಲಿಲ್ಲ. ಅವಳನ್ನು ನಲವತ್ತಕ್ಕೆ ನಿಲ್ಲಿಸಿ ದೋಣಿ ಕೊಟ್ಟು ನೀರಿನ ಮೇಲೆ ಬಿಟ್ಟೆ. ದಯಾ, ನಾನು ಹೋದ ಮೇಲೆ ಅವಳು ಅಲ್ಲೇ ಇರಬೇಕೇ? ಸಂಜೆಯಾಯಿತು, ದಡಕ್ಕೆ ಬಾ ಎಂದು ಅವಳನ್ನು ಯಾರು ಕರೆಯುತ್ತಾರೆ?"

ತಮ್ಮ ಕೂತೇ ಇದ್ದ.

"ನಾನು ಅವಳ ಚಿತೆಗೆ ಬೆಂಕಿ ಕೊಡಬೇಕು" ಎಂದರು ಡಿಯೊ.

"ಹೇಗೆ ಸಾಧ್ಯ?" ಎಂದರು ಮರ್ಲೀನ್ ಮೆತ್ತಗೆ. "ನಮ್ಮಲ್ಲಿ ಯಾರೂ ಆ ದೇಶದಲ್ಲಿ ಇರಕೂಡದು ಅಂತ ನಿಯಮ ಮಾಡಿದ್ದು ನೀವೇ. ಅಲ್ಲಿ ಅವಳಿಗೆ ಅಣ್ಣ ಇಲ್ಲ."

"ಹೊರಗಿನಿಂದ ಬರುವವರಿಗೆ ಬಂದರು ಇದೆಯಲ್ಲ" ಎಂದರು ಡಿಯೊ.

ಎಲ್ಲರೂ ಬಂದರು ಮಂತ್ರಿಯನ್ನು ನೋಡಿದರು. ನನಗೆ ಅರ್ಥವಾಗದ್ದನ್ನು ಕಂಡು ಗುರ್ಮೀತ್ ಪಿಸುದನಿಯಲ್ಲಿ ಹಿಂದಿಯಲ್ಲಿ ವಿವರಿಸಿದ. ನಡೆದ ಚರಿತ್ರೆಯಲ್ಲಿ ನಮ್ಮ ದೇಶದ ಕೂಲಿಗಳು ಹಡಗಿನಿಂದ ಇಳಿದಾಗ ಸಿಕ್ಕಿದ್ದು ಒಂದು ನಂಬರು ಮತ್ತು ಬಿಡಿಸಿಕೊಳ್ಳಲಾಗದ ಕರಾರು. ಈ ಗಣರಾಜ್ಯದಲ್ಲಿ ಹಾಗಿಲ್ಲ. ಇಳಿದವರ ಕೈಗೆ ಬಂದರು ಮಂತ್ರಿ ತಾನೇ ಒಂದು ಲೋಟ ನೀರು ಕೊಟ್ಟು, ನಿಮ್ಮ ಹೆಸರೇನು, ಇಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಬೇಕು. ಉತ್ತರ ಹೇಳಿ ನೀರು ಕುಡಿದರೆ ಅವರು ಆ ನೆಲದವರಾದರು.

ದಯಾನಂದ ತನ್ನ ಅಂಗೈಗಳನ್ನು ನೋಡಿಕೊಂಡ. ಯಂತ್ರದ ಎಣ್ಣೆ ಕೂತು ಕಪ್ಪಾದ ಕೈಗಳು. ಆಮೇಲೆ ಎದ್ದು ಅಡುಗೆಮನೆಗೆ ನಡೆದ. ಒಳಗಿನಿಂದ ನಲ್ಲಿಯ ಸದ್ದು ಕೇಳಿಸಿತು. ಅವನು ಹೊರಗೆ ಬಂದಾಗ ಅವನ ಹಿಂದೆ ಶಾಂತಿಯೂ ಬಂದು ಬಾಗಿಲ ಬಳಿ ನಿಂತಳು. ನೀರು ತುಂಬಿಸಿಕೊಟ್ಟದ್ದು ಅವಳೇ ಇರಬೇಕು, ಕೈ ಒದ್ದೆಯಾಗಿತ್ತು.

ಅವನು ಗಾಲಿಕುರ್ಚಿಯ ಮುಂದೆ ನಿಂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದ.

"ನಿಮ್ಮ ಹೆಸರೇನು?"

"ಡಿಯೊನರೈನ್."

"ಇಲ್ಲಿ ಏನು ಕೆಲಸ ಮಾಡುತ್ತೀರಿ?"

"ಒಂದೇ ಕೆಲಸ. ನನ್ನ ತಂಗಿ ತೀರಿಕೊಂಡಿದ್ದಾಳೆ. ಅವಳನ್ನು ಸುಡಬೇಕು."

ತಮ್ಮ ಲೋಟವನ್ನು ಅವರ ತುಟಿಗೆ ಹಿಡಿದ. ಅವರು ಒಂದು ಗುಟುಕು ಕುಡಿದರು. ಸ್ವಲ್ಪ ಗದ್ದದ ಮೇಲೆ ಚೆಲ್ಲಿತು. ಅವನು ಅದನ್ನು ತನ್ನ ತೋಳಿನಿಂದ ಒರೆಸಿ, "ಬನ್ನಿ" ಎಂದ. ಆಮೇಲೆ ತನ್ನ ಕುರ್ಚಿಗೆ ಹೋಗಿ ಕೂರಲಿಲ್ಲ, ಅವರ ಪಕ್ಕದಲ್ಲೇ ನಿಂತ. ಸಭೆ ಪೂರ್ತಿ ನಿಂತಿತ್ತು. ಮರ್ಲೀನ್ ಆಯಿತೆಂದು ತಲೆಯಾಡಿಸಿದರು. ಮೂರು ನದಿಗಳ ಗಣರಾಜ್ಯದಲ್ಲಿ ಫುಲ್ಮತಿ ಸತ್ತದ್ದು ಹಾಗೆ. ಅವಳಿಗೆ ಎಪ್ಪತ್ತು ದಾಟಿತ್ತು.

ಸ್ವಲ್ಪ ಹೊತ್ತಿಗೆ ಡಿಯೊ ಟೊಪ್ಪಿ ತೆಗೆದರು. "ನನಗೆ ಸ್ನಾನ ಮಾಡಬೇಕು" ಎಂದರು.

ಶಾಂತಿ ಹತ್ತಿರ ಬಂದಳು. "ನರ್ಸು ಬೆಳಿಗ್ಗೆ ಮೈ ಒರೆಸಿದ್ದಾಳಲ್ಲ ಅಪ್ಪ. ಚಳಿಯಾದೀತು."

"ಸುಟ್ಟು ಬಂದವರು ಮೀಯದೆ ಇರಬಾರದು" ಎಂದರು ಅವರು. ನನ್ನ ಕಡೆ ನೋಡಿದರು. ನಮ್ಮಲ್ಲೂ ಹಾಗೇ ಎಂದೆ. ಸಾವಿರಾರು ಮೈಲಿ ಆಚೆ, ನಾಲ್ಕು ತಲೆಮಾರಿನ ಹಿಂದೆ ಬಿಹಾರ ಬಿಟ್ಟವರ ಮನೆಯಲ್ಲಿ ಅದೊಂದು ಉಳಿದುಕೊಂಡಿತ್ತು. ಶಾಂತಿ ಟವೆಲು ತರಲು ಹೋದಳು. ದಯಾನಂದ ಅಂಗಿಯ ತೋಳು ಮಡಿಸಿ, ಅವರನ್ನು ಎತ್ತಿಕೊಂಡ.

ನಾನೂ ಮರ್ಲೀನೂ ಬಚ್ಚಲಿನ ಹೊರಗೆ ಗೋಡೆಗೊರಗಿ ನಿಂತೆವು. ಶಾಂತಿ ಟವೆಲನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಅಂಟಿಕೊಂಡಿದ್ದಳು. ಒಳಗೆ ನೀರು ಬೀಳುವ ಸದ್ದು. ಮೊದಲು ಅದೊಂದೇ ಇತ್ತು. ಆಮೇಲೆ ಡಿಯೊ ಅಳುವುದು ಕೇಳಿಸಿತು. ಮುದುಕರು ಅಳುವ ಹಾಗಲ್ಲ, ಆಗತಾನೇ ಸಾವು ಕಂಡವರು ಅಳುವ ಹಾಗೆ, ಹೆಸರು ಹಿಡಿದು ಕೂಗಿ ಕೂಗಿ ಅತ್ತರು. ಮರ್ಲೀನ್ ನನ್ನ ಕೈ ಹಿಡಿದುಕೊಂಡರು. ಅಪ್ಪ ಅಳುವುದನ್ನು ಶಾಂತಿ ಅದುವರೆಗೆ ಕೇಳಿರಲಿಲ್ಲವಂತೆ.

ನನ್ನ ತಮ್ಮ ಒಳಗೆ ತುಳುವಿನಲ್ಲೇ ಮಾತಾಡುತ್ತಿದ್ದ. ಇಂಗ್ಲಿಷು ಅವನಿಗೆ ಮರೆತುಹೋಗಿರಬೇಕು.

"ಆಯ್ತು, ಆಯ್ತು. ನೀರು ಬಿಸಿ ಸಾಕಾ? ಇನ್ನೊಂದು ಮಗ್ ಹಾಕ್ಲಾ?"

ಡಿಯೊ ಅವರಿಗೆ ತುಳು ಬಾರದು. ಅಳುವಿನ ನಡುವೆ ಅವರೂ ತಮ್ಮ ಭಾಷೆಯಲ್ಲಿ ಏನೋ ಅಂದರು. ಅವನು ಇನ್ನೊಂದು ಮಗ್ ನೀರು ಹಾಕಿದ.